ಬಿಡುವ ಪಟ್ಟಿ: ಒಂದು ದಿನದ ಲಂಡನ್

ಪರದೇಶದ ಮಹಾನಗರವೊಂದನ್ನು ಒಂದೇ ದಿನದಲ್ಲಿ ನೋಡಿ ಬರುತ್ತೇನೆಂದು ಯಾರಾದರೂ ಹೇಳಿದರೆ ಕೇಳಿದವರು ಸಾಮಾನ್ಯವಾಗಿ ಎರಡು ಬಗೆಯಲ್ಲಿ ಉತ್ತರಿಸುತ್ತಾರೆ. ಕೆಲವರು ನಕ್ಕು, 'ಒಂದು ದಿನಕ್ಕೆ ಹೋಗೋದಕ್ಕಿಂತ ಹೋಗದೇ ಇರೋದೇ ವಾಸಿ ಕಣ್ರೀ' ಎನ್ನುತ್ತಾರೆ. ಉಳಿದವರು ಕೂಡಲೇ ಮೊಬೈಲು ತೆಗೆದು, ನೋಡಲೇಬೇಕಾದ ಸ್ಥಳಗಳ ಉದ್ದನೆಯ ಪಟ್ಟಿಯೊಂದನ್ನು ಕಳಿಸುತ್ತಾರೆ. ಮೊದಲನೆಯವರದು ವೈರಾಗ್ಯ, ಎರಡನೆಯವರದು ಅತಿಯಾಸೆ. ಮೇಲುನೋಟಕ್ಕೆ ವಿರುದ್ಧವಾಗಿ ಕಾಣುವ ಈ ಎರಡೂ ಉತ್ತರಗಳು ಒಂದೇ ತಪ್ಪು ಎಣಿಕೆಯಿಂದ ಹುಟ್ಟುತ್ತವೆ ಎಂಬುದು ನನ್ನ ಅಭಿಪ್ರಾಯ. ಒಂದು ದಿನದ ಪ್ರವಾಸವೆಂದರೆ ಒಂದು ವಾರದ ಪ್ರವಾಸವನ್ನು ಹಿಂಡಿ ಕುಗ್ಗಿಸಿದ್ದು ಎಂಬುದೇ ಆ ಎಣಿಕೆ. ಚುಟುಕವು ಹೇಗೆ ಮಹಾಕಾವ್ಯದ ಸಂಕ್ಷಿಪ್ತ ರೂಪವಲ್ಲವೋ ಹಾಗೆ ಒಂದು ದಿನದ ಪ್ರವಾಸವೂ ಬೇರೆಯೇ ಒಂದು ಪ್ರಕಾರ. ಅದಕ್ಕೆ ಅದರದೇ ಆದ ಛಂದಸ್ಸಿದೆ.

ಈ ಮಾತಿಗೆ ಆಧಾರ ನನ್ನದೇ ಒಂದು ದಿನ. ಕಚೇರಿಯ ತರಬೇತಿಯೊಂದರ ಸಲುವಾಗಿ ವಾರದ ಮಟ್ಟಿಗೆ ಇಂಗ್ಲೆಂಡಿಗೆ ಹೋಗುವ ಅವಕಾಶ ಬಂದಿತ್ತು. ತರಬೇತಿ ನಡೆದದ್ದು ಲಂಡನ್ನಿನಿಂದ ದೂರದ ಊರಿನಲ್ಲಿ. ಶನಿವಾರ ರಾತ್ರಿ ಲಂಡನ್ನಿಗೆ ಬಂದು ಸೋಮವಾರ ಬೆಳಿಗ್ಗೆ ವಿಮಾನ ಹತ್ತಬೇಕು. ನಡುವೆ ಜೂನ್ ತಿಂಗಳ ಒಂದು ಭಾನುವಾರ. ಕೇಂದ್ರ ಸರ್ಕಾರದ ನೌಕರಿಯಲ್ಲಿರುವ ನಮ್ಮಂಥವರಿಗೆ ವಿದೇಶವೆಂಬುದು ಸುಲಭವಾಗಿ ಒದಗುವ ವಸ್ತುವಲ್ಲ. ಎಲ್‌ಟಿಸಿ ಸೌಲಭ್ಯ ದೇಶದ ಗಡಿಯಲ್ಲೇ ನಿಂತುಬಿಡುತ್ತದೆ. ಸ್ವಂತ ಖರ್ಚಿನಲ್ಲಿ ಹೋಗುವುದಾದರೂ ಮುಂಚಿತವಾಗಿ ಅನುಮತಿ ಬೇಕು. ಮನೆಯ ಸಾಲ, ಮಕ್ಕಳ ಓದು ಇವೆಲ್ಲ ಮುಗಿಯುವ ಹೊತ್ತಿಗೆ ಮಂಡಿ ಕೈಕೊಟ್ಟಿರುತ್ತದೆ. ಇಂಗ್ಲಿಷ್ ಸಾಹಿತ್ಯವನ್ನು ಓದಿ, ಆ ನಗರವನ್ನು ಇಪ್ಪತ್ತೈದು ವರ್ಷ ತಲೆಯಲ್ಲಿ ಹೊತ್ತು ತಿರುಗಿದವನಿಗೆ ಸಿಕ್ಕಿದ್ದು ಆ ಒಂದು ಭಾನುವಾರ. ಮತ್ತೊಂದು ಸಿಕ್ಕೀತೆಂಬ ಭರವಸೆ ನನಗಿರಲಿಲ್ಲ.

ಗೆಳೆಯರು ಕಳಿಸಿದ ಪಟ್ಟಿಗಳನ್ನೆಲ್ಲ ಒಟ್ಟುಗೂಡಿಸಿದಾಗ ಹದಿನೇಳು ಸ್ಥಳಗಳಾದವು. ಬಕಿಂಗ್‌ಹ್ಯಾಮ್ ಅರಮನೆ, ಬಿಗ್ ಬೆನ್, ಲಂಡನ್ ಐ, ಟವರ್ ಆಫ್ ಲಂಡನ್, ಬ್ರಿಟಿಷ್ ಮ್ಯೂಸಿಯಂ, ಮೇಡಮ್ ಟುಸ್ಸಾಡ್ಸ್, ಬೇಕರ್ ಸ್ಟ್ರೀಟ್, ಗ್ರಿನಿಚ್ಚಿನ ಶೂನ್ಯ ರೇಖಾಂಶ, ಹೀಗೆ. ಕಚೇರಿಯ ಅಭ್ಯಾಸಬಲದಿಂದ ನಾನೊಂದು ಕೋಷ್ಟಕ ಮಾಡಿದೆ: ಸ್ಥಳ, ತಲುಪಲು ಬೇಕಾದ ಹೊತ್ತು, ಸಾಲಿನಲ್ಲಿ ನಿಲ್ಲುವ ಹೊತ್ತು, ನೋಡುವ ಹೊತ್ತು. ಕೂಡಿದಾಗ ಇಪ್ಪತ್ತಮೂರು ಗಂಟೆ ಆಯಿತು. ಅದರಲ್ಲಿ ಊಟವಿಲ್ಲ, ಶೌಚವಿಲ್ಲ, ಬೆಂಚಿನ ಮೇಲೆ ಕುಳಿತು ಬೂಟಿನ ದಾರ ಸಡಿಲಿಸುವ ಐದು ನಿಮಿಷವೂ ಇಲ್ಲ. ಇನ್ನೂ ಮುಖ್ಯವಾದದ್ದೆಂದರೆ, ಆ ಪಟ್ಟಿಯಲ್ಲಿ ಸ್ಥಳಗಳು ನಿಂತಿದ್ದದ್ದು ಖ್ಯಾತಿಯ ಅನುಕ್ರಮದಲ್ಲಿ. ನಕ್ಷೆಯ ಅನುಕ್ರಮದಲ್ಲಿ ಅಲ್ಲ. ಬೇಕರ್ ಸ್ಟ್ರೀಟ್ ನಗರಮಧ್ಯದ ವಾಯವ್ಯಕ್ಕಿದ್ದರೆ ಗ್ರಿನಿಚ್ ಆಗ್ನೇಯಕ್ಕೆ ದೂರದಲ್ಲಿದೆ. ಅಂಥ ಪಟ್ಟಿಯನ್ನು ಹಿಡಿದು ಹೊರಟವನು ದಿನದ ಬಹುಪಾಲನ್ನು ನೆಲದಡಿಯ ರೈಲಿನಲ್ಲಿ ಕಳೆಯುತ್ತಾನೆ. ಅವನು ನೋಡುವುದು ಲಂಡನ್ನಿನ ಸುರಂಗಗಳನ್ನು.

ಆದ್ದರಿಂದ ಯೋಜನೆಯ ಮೊದಲ ಹೆಜ್ಜೆ ದಿನವನ್ನು ಅಳೆಯುವುದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಹಣಕ್ಕೆ ಹೇಗೋ ಹೊತ್ತಿಗೂ ಹಾಗೆಯೇ. ಲಂಡನ್ನಿನಲ್ಲಿ ಜೂನ್ ತಿಂಗಳ ಹಗಲು ಹದಿನಾರು ಗಂಟೆಗೂ ಮೀರಿದ್ದು. ಬೆಳಿಗ್ಗೆ ಐದಕ್ಕೆ ಮುಂಚೆ ಸೂರ್ಯ ಮೂಡಿದರೆ ರಾತ್ರಿ ಒಂಬತ್ತು ದಾಟಿದ ಮೇಲೆ ಮುಳುಗುತ್ತಾನೆ. ಡಿಸೆಂಬರಿನಲ್ಲಿ ಮಧ್ಯಾಹ್ನ ನಾಲ್ಕಕ್ಕೇ ಕತ್ತಲಾಗುತ್ತದೆ. ಹಗಲು ಎಂಟು ಗಂಟೆಗಿಂತ ಕೊಂಚ ಕಡಿಮೆ. ಎರಡನ್ನೂ 'ಒಂದು ದಿನ' ಎಂದೇ ಕರೆಯುತ್ತೇವೆ. ವಿಮಾನ ಬದಲಿಸುವ ನಡುವೆ ಊರು ನೋಡುವವರ ಲೆಕ್ಕ ಇನ್ನೂ ಕಠಿಣ. ಹನ್ನೆರಡು ಗಂಟೆಯ ಬಿಡುವಿದೆ ಎಂದುಕೊಂಡವರು ವಲಸೆ ತಪಾಸಣೆಯ ಸಾಲು, ಹೀಥ್ರೂವಿನಿಂದ ಊರೊಳಕ್ಕೆ ಹೋಗಿಬರುವ ಹೊತ್ತು, ವಿಮಾನಕ್ಕೆ ಮೂರು ಗಂಟೆ ಮುಂಚೆ ಮರಳಬೇಕಾದ ಕಟ್ಟುಪಾಡು ಇವನ್ನೆಲ್ಲ ಕಳೆದರೆ ಉಳಿಯುವುದು ಐದಾರು ಗಂಟೆ. ಭಾರತದ ಪಾಸ್‌ಪೋರ್ಟ್ ಇರುವವರು ವೀಸಾ ಇಲ್ಲದೆ ಹೊರಗೆ ಕಾಲಿಡಬಹುದೇ ಎಂಬುದನ್ನು ಟಿಕೆಟು ಕೊಳ್ಳುವ ಮೊದಲೇ ಖಚಿತಪಡಿಸಿಕೊಳ್ಳಬೇಕು.

ದಿನದ ಉದ್ದವನ್ನಷ್ಟೇ ಅಲ್ಲ, ವಾರವನ್ನೂ ನೋಡಬೇಕು. ಈ ಪಾಠ ನನಗೆ ನೋವಿನಿಂದಲೇ ದಕ್ಕಿತು. ಹದಿನೇಳರಲ್ಲಿ ಹದಿನಾರು ಬಿಟ್ಟರೂ ವೆಸ್ಟ್‌ಮಿನ್‌ಸ್ಟರ್ ಅಬೆಯನ್ನು ಬಿಡಲಾರೆನೆಂದು ನಾನು ನಿಶ್ಚಯಿಸಿದ್ದೆ. ಚಾಸರ್ 1400ರಲ್ಲಿ ಮಣ್ಣಾದ ಜಾಗ, ಸ್ಪೆನ್ಸರ್ ಮತ್ತು ಡಿಕನ್ಸ್ ಮಲಗಿರುವ ಜಾಗ, ಕವಿಗಳ ಆ ಮೂಲೆ. ಟಿಕೆಟು ಕಾಯ್ದಿರಿಸಲು ಕುಳಿತಾಗ ಗೊತ್ತಾಯಿತು: ಭಾನುವಾರ ಅಬೆಯ ಬಾಗಿಲು ಪ್ರಾರ್ಥನೆಗೆ ಮಾತ್ರ ತೆರೆದಿರುತ್ತದೆ, ಪ್ರವಾಸಿಗರ ವೀಕ್ಷಣೆಗೆ ಅಲ್ಲ. ಸೇಂಟ್ ಪಾಲ್ಸ್ ಕೆಥೀಡ್ರಲ್ಲಿನ ನಿಯಮವೂ ಅದೇ. ಜಾನ್ ಡನ್ ಅಲ್ಲಿ ಡೀನ್ ಆಗಿದ್ದವನು; 1666ರ ಬೆಂಕಿಯನ್ನು ಹಾದು ಉಳಿದ ಅವನ ಶಿಲಾಪ್ರತಿಮೆ ಅಲ್ಲಿದೆ. ಎರಡೂ ಕೈತಪ್ಪಿದವು. ಪ್ರಾರ್ಥನೆಗೆ ಯಾರು ಬೇಕಾದರೂ ಹೋಗಬಹುದು, ಹಣ ಕೊಡಬೇಕಿಲ್ಲ. ಆದರೆ ನಂಬಿದವರು ಕಣ್ಣುಮುಚ್ಚಿ ಕುಳಿತಿರುವಾಗ ಗೋರಿಯ ಹೆಸರು ಓದಲೆಂದು ಕತ್ತು ಚಾಚುವುದು ನನಗೆ ಸರಿಕಾಣಲಿಲ್ಲ.

ಆ ರಾತ್ರಿ ಕೋಷ್ಟಕವನ್ನು ಅಳಿಸಿ ಹಾಕಿ ಬೇರೆಯ ಪ್ರಶ್ನೆ ಕೇಳಿಕೊಂಡೆ. 'ಏನೇನು ನೋಡಬೇಕು' ಎಂಬುದನ್ನು ಬಿಟ್ಟು 'ಯಾವುದನ್ನು ನೋಡಲು ನಾನು ಇಷ್ಟು ವರ್ಷ ಕಾದಿದ್ದೆ' ಎಂದು ಕೇಳಿಕೊಂಡಾಗ ಪಟ್ಟಿ ತಾನಾಗಿ ಕುಗ್ಗಿತು. ನಮ್ಮ ನಾಡಿನಲ್ಲಿ ಇದು ಹೊಸ ಮಾತೇನಲ್ಲ. ತಿರುಪತಿಗೆ ಹೋದವರು ಗಂಟೆಗಟ್ಟಲೆ ಸಾಲಿನಲ್ಲಿ ನಿಂತು, 'ಜರಗಂಡಿ' ಎಂಬ ಕೂಗಿನ ನಡುವೆ ಕ್ಷಣಮಾತ್ರ ದರ್ಶನ ಪಡೆದು ಹೊರಬರುತ್ತಾರೆ. ಇಷ್ಟೇ ಹೊತ್ತು ನೋಡಿದಿರಾ ಎಂದು ಅವರನ್ನು ಯಾರೂ ಮೂದಲಿಸುವುದಿಲ್ಲ. ವರ್ಷಗಳ ಹಂಬಲ ಆ ಕ್ಷಣದ ಹಿಂದೆ ನಿಂತಿರುತ್ತದೆಂದು ಎಲ್ಲರಿಗೂ ಗೊತ್ತು. ಟವರ್ ಆಫ್ ಲಂಡನ್ನಿನಲ್ಲಿ ಕೊಹಿನೂರ್ ಇರುವ ಕಿರೀಟದ ಮುಂದೆ ಚಲಿಸುವ ಪಟ್ಟಿಯೊಂದಿದೆ. ಅದರ ಮೇಲೆ ನಿಂತವರನ್ನು ಅದು ಮುಂದಕ್ಕೆ ಸಾಗಿಸುತ್ತದೆ. ಅದೂ ಕ್ಷಣಮಾತ್ರದ ನೋಟವೇ. 1849ರಲ್ಲಿ ಪಂಜಾಬಿನೊಡನೆ ಕಿತ್ತುಕೊಂಡ ಆ ಕಲ್ಲಿನ ಬಗ್ಗೆ ನನಗೆ ಸಿಟ್ಟಿದೆ, ಹಂಬಲವಿಲ್ಲ. ಹಂಬಲವಿಲ್ಲದ ಕಡೆ ಸಾಲಿನಲ್ಲಿ ನಿಲ್ಲಬಾರದೆಂದು ನಿರ್ಧರಿಸಿದೆ.

ದೇಶ ಸುತ್ತು, ಕೋಶ ಓದು ಎಂದು ಹಿರಿಯರು ಹೇಳಿದರು. ನನ್ನಂಥವರ ಬದುಕಿನಲ್ಲಿ ಕೋಶವೇ ಮೊದಲು ಬಂತು, ದೇಶ ಎಷ್ಟೋ ವರ್ಷಗಳ ಅನಂತರ. ಹಾಗಿದ್ದಾಗ ಕೋಶದಿಂದಲೇ ದಾರಿಯನ್ನು ಹುಡುಕುವುದು ಸರಿ. ಲಂಡನ್ ಎಂದೊಡನೆ ನನ್ನ ಮನಸ್ಸಿಗೆ ಬರುವುದು ಮೂರು ಕವಿತೆಗಳು. ಮೂರೂ ಸೇತುವೆಗಳಿಗೆ ಅಂಟಿಕೊಂಡಿರುವುದನ್ನು ನಾನು ಗಮನಿಸಿದ್ದು ಆ ರಾತ್ರಿಯೇ. ಮೊದಲನೆಯದು ವರ್ಡ್ಸ್‌ವರ್ತ್ ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಮೇಲಿನಿಂದ ಮುಂಜಾವದ ನಗರವನ್ನು ಕಂಡು 1802ರಲ್ಲಿ ಬರೆದ ಸಾನೆಟ್. ಎರಡನೆಯದು ಥಾಮಸ್ ಹುಡ್ 1844ರಲ್ಲಿ ಬರೆದದ್ದು, ನೀರಿಗೆ ಬಿದ್ದು ಪ್ರಾಣಬಿಟ್ಟ ಅನಾಥ ಹೆಣ್ಣಿನ ಬಗ್ಗೆ. ಓದುಗಲೋಕ ಅದನ್ನು ವಾಟರ್ಲೂ ಸೇತುವೆಯೊಡನೆ ಗುರುತಿಸುತ್ತ ಬಂದಿದೆ. ಮೂರನೆಯದು ಎಲಿಯಟ್ಟನ 'ದಿ ವೇಸ್ಟ್ ಲ್ಯಾಂಡ್'. 1922ರ ಆ ಕಾವ್ಯದಲ್ಲಿ ಕಚೇರಿಗೆ ಹೊರಟ ಜನಸಮೂಹ ಲಂಡನ್ ಬ್ರಿಡ್ಜನ್ನು ದಾಟುತ್ತದೆ.

ಹುಡ್ ನನಗೆ ಎಂಎ ತರಗತಿಯಲ್ಲಿ ಸಿಕ್ಕಿದವನಲ್ಲ. ಪಠ್ಯದಲ್ಲಿ ಅವನ ಹೆಸರೇ ಇರಲಿಲ್ಲ. ಅವನು ಸಿಕ್ಕಿದ್ದು ಕನ್ನಡದಲ್ಲಿ, ಬಿ.ಎಂ.ಶ್ರೀ. ಅವರ 'ಇಂಗ್ಲಿಷ್ ಗೀತಗಳು' ಸಂಕಲನದ 'ದುಃಖಸೇತು' ಎಂಬ ಅನುವಾದವಾಗಿ. ಇಂಗ್ಲಿಷಿನ ವಿದ್ಯಾರ್ಥಿಗಳೇ ಮರೆತ ಕವಿಯೊಬ್ಬ ಕನ್ನಡದ ನವೋದಯದ ಬಾಗಿಲಲ್ಲಿ ನಿಂತಿದ್ದಾನೆ. ಇಂಗ್ಲೆಂಡಿನ ಸೇತುವೆಗಳನ್ನು ಹುಡುಕಿಕೊಂಡು ಹೋಗುವುದು ದಾಸ್ಯಬುದ್ಧಿಯಲ್ಲವೇ ಎಂದು ನಮ್ಮ ಬಳಗದ ಹಿರಿಯರೊಬ್ಬರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಆ ಸಾಹಿತ್ಯ ನಮಗೆ ಬಂದದ್ದು ಆಳುವವರ ಶಾಲೆಗಳ ಮೂಲಕ ಎಂಬುದನ್ನು ಮರೆಯಲಾಗದು. ಆದರೆ ಶ್ರೀಯವರ ಕೈಯಲ್ಲಿ ಕನ್ನಡವಾದ ಮೇಲೆ ಆ ಹೆಣ್ಣು ಥೇಮ್ಸಿನವಳಾಗಿ ಮಾತ್ರ ಉಳಿಯಲಿಲ್ಲ. ಅವಳನ್ನು ನೋಡಲು ಹೋಗುವುದು ಪರರ ಮನೆಗೆ ಹೋಗುವುದಲ್ಲ ಎಂದು ನನಗನ್ನಿಸಿತು.

ದಾರಿ ನಿಶ್ಚಯವಾಯಿತು. ನದಿಯ ದಕ್ಷಿಣ ದಂಡೆಯನ್ನು ಹಿಡಿದು, ವಾಕ್ಸ್‌ಹಾಲ್ ಕಡೆಯಿಂದ ಲಂಡನ್ ಬ್ರಿಡ್ಜಿನವರೆಗೆ ನಡೆಯುವುದು. ಹೆಚ್ಚೆಂದರೆ ಐದಾರು ಕಿಲೋಮೀಟರ್. ಮೂರು ಕವಿತೆಗಳೂ ಆ ದಾರಿಯಲ್ಲೇ ಸಿಗುತ್ತವೆ. ನದಿಯೊಂದು ಜೊತೆಗಿದ್ದರೆ ದಾರಿ ತಪ್ಪುವ ಭಯವೂ ಇಲ್ಲ. ಹೊರಡುವ ಮುನ್ನ ಆ ಸೇತುವೆಗಳ ಬಗ್ಗೆ ಓದಲು ಕುಳಿತೆ. ಆಗ ತಿಳಿದ ಸಂಗತಿ ನನ್ನನ್ನು ಕೊಂಚ ಹೊತ್ತು ಕಂಗೆಡಿಸಿತು: ಮೂರು ಸೇತುವೆಗಳಲ್ಲಿ ಒಂದೂ ಈಗಿಲ್ಲ. ವರ್ಡ್ಸ್‌ವರ್ತ್ ಕಂಡದ್ದು 1750ರ ಸೇತುವೆ, ಈಗಿರುವುದು 1862ರದು. ಹುಡ್‌ನ ಕಾಲದ ವಾಟರ್ಲೂ ಸೇತುವೆ 1817ರದು. ಅದನ್ನು 1930ರ ದಶಕದಲ್ಲಿ ಕೆಡವಿದರು. ಎಲಿಯಟ್ಟನ ಗುಮಾಸ್ತರು ದಾಟಿದ 1831ರ ಲಂಡನ್ ಬ್ರಿಡ್ಜನ್ನಂತೂ 1968ರಲ್ಲಿ ಅಮೆರಿಕದ ಉದ್ಯಮಿಯೊಬ್ಬನಿಗೆ ಇಪ್ಪತ್ತನಾಲ್ಕು ಲಕ್ಷ ಡಾಲರಿಗೂ ಮಿಕ್ಕಿದ ಬೆಲೆಗೆ ಮಾರಿದರು. ಹೊರಮೈಯ ಕಲ್ಲುಗಳಿಗೆ ಸಂಖ್ಯೆ ಹಾಕಿ, ಹಡಗಿನಲ್ಲಿ ಸಾಗಿಸಿ, ಅರಿಜೋನಾದ ಲೇಕ್ ಹವಾಸು ಎಂಬ ಊರಿನಲ್ಲಿ 1971ರಲ್ಲಿ ಮತ್ತೆ ನಿಲ್ಲಿಸಿದರು. ಈಗ ಲಂಡನ್ನಿನಲ್ಲಿರುವುದು 1973ರ ಕಾಂಕ್ರೀಟು.

ಅಂದರೆ ನಾನು ಇಲ್ಲದ ಮೂರು ಸೇತುವೆಗಳನ್ನು ನೋಡಲು ಹೊರಟಿದ್ದೆ. ಯೋಜನೆಯನ್ನು ಬದಲಿಸಬೇಕೇ ಎಂದು ಯೋಚಿಸಿದೆ. ಬದಲಿಸದಿರಲು ಕಾರಣವಿಷ್ಟೆ: ಇದು ಲಂಡನ್ನಿನಲ್ಲಿ ನಡೆಯುವಾಗ ಗೊತ್ತಾಗಿದ್ದರೆ ಕೇವಲ ನಿರಾಸೆಯಾಗುತ್ತಿತ್ತು; ಮನೆಯಲ್ಲಿ ಕುಳಿತು ಓದುವಾಗ ಗೊತ್ತಾದದ್ದರಿಂದ ಕುತೂಹಲವಾಯಿತು. ಒಂದು ದಿನದ ಪ್ರವಾಸಿಗೆ ಸ್ಥಳದಲ್ಲಿ ನಿಂತು ಕಲಿಯುವ ಬಿಡುವಿಲ್ಲ. ಕಲಿಕೆಯನ್ನು ಮೊದಲೇ ಮುಗಿಸಿಕೊಂಡು ಹೋದರೆ ಅಲ್ಲಿ ಕಣ್ಣಿಗೆ ಪೂರ್ತಿ ಬಿಡುವು ಸಿಗುತ್ತದೆ. ಮೂರು ದಿನದ ತಯಾರಿ ಒಂದು ದಿನಕ್ಕೆ ಹೆಚ್ಚಾಯಿತೆಂದು ಹೇಳುವವರು ಮದುವೆಯ ಮನೆಯನ್ನು ಕಂಡವರಲ್ಲ.

ಆ ಭಾನುವಾರ ಬೆಳಿಗ್ಗೆ ಆರೂವರೆಗೆ ಬಸ್ಸು ಹಿಡಿದು ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ತಲುಪಿದೆ. ಲಂಡನ್ನಿನ ಬಸ್ಸುಗಳಲ್ಲಿ 2014ರಿಂದ ನಗದು ಹಣ ತೆಗೆದುಕೊಳ್ಳುವುದಿಲ್ಲ. ಕಾರ್ಡು ತಾಗಿಸಿದರೆ ಸಾಕು. ನಡಿಗೆಯನ್ನು ಅಲ್ಲಿಂದ ಆರಂಭಿಸಲು ಕಾರಣ ಬಸವಣ್ಣ. ಲ್ಯಾಂಬೆತ್ ಪ್ರದೇಶದ ಮೇಯರ್ ಆಗಿದ್ದ, ಕಲಬುರಗಿ ಮೂಲದ ನೀರಜ್ ಪಾಟೀಲ್ ಅವರ ಪ್ರಯತ್ನದಿಂದ ನಿಂತ ಬಸವೇಶ್ವರರ ಪುತ್ಥಳಿ ಅಲ್ಲಿದೆ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅದನ್ನು ಅನಾವರಣ ಮಾಡಿದರು. ಅನುಭವ ಮಂಟಪ ಮೊದಲೋ ವೆಸ್ಟ್‌ಮಿನ್‌ಸ್ಟರ್ ಮೊದಲೋ ಎಂಬ ವಾದವನ್ನು ನಮ್ಮವರು ಅಲ್ಲಿ ನಿಂತು ಮಾಡುವುದುಂಟು. ನನಗೆ ಅದು ಬೇಕೆನಿಸಲಿಲ್ಲ. ಓಡಲು ಬಂದ ಹುಡುಗಿಯೊಬ್ಬಳು ಪಕ್ಕದಲ್ಲಿ ನಿಂತು ನೀರು ಕುಡಿದು ಹೊರಟುಹೋದಳು. ಕಾಯಕದ ಮಹಿಮೆ ಸಾರಿದವನ ಮುಂದೆ, ಕಚೇರಿಗೆ ರಜೆ ಇರುವ ದಿನ, ಹತ್ತು ನಿಮಿಷ ಸುಮ್ಮನೆ ನಿಂತೆ.

ಲ್ಯಾಂಬೆತ್ ಸೇತುವೆ ದಾಟಿದ ಮೇಲೆ ಸೇಂಟ್ ಥಾಮಸ್ ಆಸ್ಪತ್ರೆಯ ಮಗ್ಗುಲಿಗೆ ನದಿಯ ಪಕ್ಕದ ಗೋಡೆಯೊಂದಿದೆ. ಅದು ನನ್ನ ಯೋಜನೆಯಲ್ಲಿ ಇರಲಿಲ್ಲ. ಸುಮಾರು ಅರ್ಧ ಕಿಲೋಮೀಟರ್ ಉದ್ದದ ಆ ಗೋಡೆಯ ತುಂಬ ಕೈಯಿಂದ ಬರೆದ ಕೆಂಪು ಹೃದಯಗಳು. ಕೋವಿಡ್‌ನಿಂದ ತೀರಿಕೊಂಡ ಒಬ್ಬೊಬ್ಬರಿಗೆ ಒಂದೊಂದು. ತಮ್ಮವರನ್ನು ಕಳೆದುಕೊಂಡವರು 2021ರ ಮಾರ್ಚಿನಲ್ಲಿ ಬರೆಯಲು ತೊಡಗಿದ್ದು, ಎರಡು ಲಕ್ಷವನ್ನು ಮೀರಿದೆ. ನದಿಯಾಚೆ ನೇರ ಎದುರಿಗೆ ಪಾರ್ಲಿಮೆಂಟು. ಕೆಲವು ಹೃದಯಗಳು ಬಿಸಿಲಿಗೆ ಗುಲಾಬಿಯಾಗಿದ್ದವು, ಕೆಲವಕ್ಕೆ ಹೊಸ ಬಣ್ಣ ಬಳಿದಿತ್ತು. ಒಳಗೆ ಹೆಸರು, ಊರು, 'ಅಪ್ಪ' ಎಂಬಂಥ ಒಂದೇ ಮಾತು. 2021ರ ಏಪ್ರಿಲ್‌ನಲ್ಲಿ ದೆಹಲಿಯಲ್ಲಿದ್ದವರಿಗೆ ನಾನು ಏನನ್ನೂ ವಿವರಿಸಬೇಕಿಲ್ಲ. ನಮ್ಮ ವಿಭಾಗದಲ್ಲಿ ಎರಡು ಕುರ್ಚಿಗಳು ಖಾಲಿಯಾದವು. ಹೊಸಬರು ಬಂದು ಕುಳಿತರು, ಕಡತಗಳು ಮುಂದೆ ಸಾಗಿದವು. ಆ ಇಬ್ಬರ ಹೆಸರನ್ನು ಎಲ್ಲಿಯೂ ಬರೆದಿಲ್ಲ. ಗೋಡೆಯ ಕೊನೆ ಮುಟ್ಟುವ ಹೊತ್ತಿಗೆ ಒಂದು ಗಂಟೆ ಕಳೆದಿತ್ತು.

ಯೋಜನೆಯಲ್ಲಿ ನಾನು ಎರಡು ಗಂಟೆಗಳನ್ನು ಯಾವ ಕೆಲಸಕ್ಕೂ ಹಂಚದೆ ಖಾಲಿ ಬಿಟ್ಟಿದ್ದೆ. ಅದರಲ್ಲಿ ಒಂದು ಹೀಗೆ ಖರ್ಚಾಯಿತು. ಹತ್ತು ಗಂಟೆಗೆ ಇಂಥಲ್ಲಿ, ಹನ್ನೊಂದೂವರೆಗೆ ಇಂಥಲ್ಲಿ ಎಂದು ಮುಂಗಡ ಟಿಕೆಟು ಕೈಯಲ್ಲಿದ್ದರೆ ನಾನು ಆ ಗೋಡೆಯ ಮುಂದೆ ಒಂದು ಫೋಟೋ ತೆಗೆದು ಓಡುತ್ತಿದ್ದೆ. ಖಾಲಿ ಗಂಟೆಯನ್ನು ಬಜೆಟ್ಟಿನಲ್ಲಿ ತೆಗೆದಿಡುವುದು ವ್ಯರ್ಥವೆಂದು ತೋರಬಹುದು. ನಮ್ಮ ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ ಅದು ಅನಿರೀಕ್ಷಿತ ವೆಚ್ಚದ ಬಾಬತ್ತು. ಅದಿಲ್ಲದ ಬಜೆಟ್ಟು ಬಜೆಟ್ಟಲ್ಲ.

ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಮೇಲೆ ನಿಂತಾಗ ಇನ್ನೂ ಜನ ಹೆಚ್ಚಿರಲಿಲ್ಲ. ವರ್ಡ್ಸ್‌ವರ್ತ್ ಇಲ್ಲಿ ಕಂಡದ್ದರಲ್ಲಿ ಏನು ಉಳಿದಿದೆಯೆಂದು ಲೆಕ್ಕ ಹಾಕಿದೆ. ಸೇತುವೆ ಅದಲ್ಲ. ಹಳೆಯ ಪಾರ್ಲಿಮೆಂಟು ಕಟ್ಟಡ 1834ರಲ್ಲಿ ಬಹುಮಟ್ಟಿಗೆ ಸುಟ್ಟುಹೋಯಿತು. ಈಗ ಎಲ್ಲರೂ ಚಿತ್ರ ತೆಗೆಯುವ ಗಡಿಯಾರದ ಗೋಪುರ ಪೂರ್ಣಗೊಂಡದ್ದು 1859ರಲ್ಲಿ, ಕವಿ ತೀರಿಕೊಂಡು ಒಂಬತ್ತು ವರ್ಷದ ಮೇಲೆ. ಕವಿತೆಯ ಶೀರ್ಷಿಕೆಯಲ್ಲಿರುವ ತಾರೀಕು ಸೆಪ್ಟೆಂಬರ್ 3. ಜೊತೆಯಲ್ಲಿದ್ದ ತಂಗಿ ಡೊರೊಥಿಯ ದಿನಚರಿಯ ಪ್ರಕಾರ ಅವರು ಆ ಮುಂಜಾವ ಸೇತುವೆ ದಾಟಿದ್ದು ಜುಲೈ 31. ತಾರೀಕೂ ನಿಶ್ಚಿತವಲ್ಲ. ಉಳಿದದ್ದು ನದಿ, ಬೆಳಗಿನ ಹೊತ್ತು, ಮತ್ತು ಇನ್ನೂ ಏಳದ ಊರಿನ ನಿಶ್ಶಬ್ದ. ಅವನೂ ಬಂಡಿಯಲ್ಲಿ ಕುಳಿತು ಎಲ್ಲಿಗೋ ಹೊರಟವನು, ಆ ಸೇತುವೆಯ ಮೇಲೆ ಕೆಲವೇ ನಿಮಿಷ ಇದ್ದವನು. ಒಂದು ದಿನದಲ್ಲಿ ಏನು ಕಾಣುತ್ತದೆ ಎಂದು ಕೇಳುವವರು ಇದನ್ನು ನೆನೆಯಬೇಕು.

ಅಲ್ಲಿಂದ ಮುಂದೆ ಲಂಡನ್ ಐ ಚಕ್ರದ ಕೆಳಗೆ ಸಾಲು ಬೆಳೆಯತೊಡಗಿತ್ತು. ದಾಟಿ ನಡೆದೆ. ವಾಟರ್ಲೂ ಸೇತುವೆಯ ಅಡಿಯಲ್ಲಿ ಹಳೆಯ ಪುಸ್ತಕಗಳನ್ನು ಉದ್ದನೆಯ ಮೇಜುಗಳ ಮೇಲೆ ಹರಡಿ ಮಾರುತ್ತಾರೆ. ಹುಡ್‌ನ ಕವಿತೆಗಳಿವೆಯೇ ಎಂದು ಕೇಳಿದೆ, ಇರಲಿಲ್ಲ. ಸೇತುವೆಯ ಮೇಲೆ ಹತ್ತಿ ನಡುವೆ ನಿಂತರೆ ಒಂದು ಕಡೆ ಪಾರ್ಲಿಮೆಂಟು, ಇನ್ನೊಂದು ಕಡೆ ಸೇಂಟ್ ಪಾಲ್ಸ್ ಗುಮ್ಮಟ. ಒಳಗೆ ಹೋಗಲಾಗದ ಗುಮ್ಮಟವನ್ನು ಹೊರಗಿನಿಂದ ನೋಡಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

ಈ ಸೇತುವೆಯ ಕಥೆಯೇ ನನ್ನ ದಿನದ ಸಾರ. ಈಗಿರುವ ವಾಟರ್ಲೂ ಸೇತುವೆಯನ್ನು ಕಟ್ಟಿದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಗಂಡಸರು ಯುದ್ಧಕ್ಕೆ ಹೋಗಿದ್ದರಿಂದ ಅನೇಕ ಹೆಂಗಸರು ಅಲ್ಲಿ ಕೂಲಿ ಮಾಡಿದರು. ಥೇಮ್ಸಿನ ದೋಣಿಯವರು ಇಂದಿಗೂ ಅದನ್ನು ಹೆಂಗಸರ ಸೇತುವೆ ಎನ್ನುತ್ತಾರೆ. 1945ರ ಉದ್ಘಾಟನೆಯ ಭಾಷಣದಲ್ಲಿ ಮಾತ್ರ ಶ್ರೇಯಸ್ಸೆಲ್ಲ ಗಂಡಸರಿಗೆ ಸಂದಿತು. ಯಾವ ಸೇತುವೆಯಿಂದ ಹುಡ್‌ನ ಅನಾಮಧೇಯ ಹೆಣ್ಣು ನೀರಿಗೆ ಬಿದ್ದಳೆಂದು ಲೋಕ ನಂಬಿತೋ ಅದೇ ಜಾಗದಲ್ಲಿ ನೂರು ವರ್ಷದ ಅನಂತರ ಹೆಸರಿಲ್ಲದ ಹೆಂಗಸರು ಕಲ್ಲು ಹೊತ್ತು ಹೊಸ ಸೇತುವೆ ಕಟ್ಟಿದರು. ಇದು ಯಾರ ಪಟ್ಟಿಯಲ್ಲೂ ಇರಲಿಲ್ಲ. 'ದುಃಖಸೇತು'ವನ್ನು ಓದಿರದಿದ್ದರೆ ನಾನೂ ಅದನ್ನು ರಸ್ತೆ ದಾಟಲು ಇರುವ ಕಾಂಕ್ರೀಟೆಂದು ದಾಟಿಬಿಡುತ್ತಿದ್ದೆ. ಹದಿನೇಳು ಸ್ಥಳಗಳನ್ನು ಬಿಟ್ಟದ್ದಕ್ಕೆ ನನಗೆ ಸಿಕ್ಕಿದ ಪ್ರತಿಫಲ ಇದು.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ಟೇಟ್ ಮಾಡರ್ನ್ ಪ್ರವೇಶ ಉಚಿತವಾದರೂ ಒಳಗೆ ಹೋಗಲಿಲ್ಲ. 1997ರಲ್ಲಿ ತೆರೆದ ಹೊಸ ಗ್ಲೋಬ್ ರಂಗಮಂದಿರದ ಹುಲ್ಲಿನ ಮಾಡನ್ನು ಹೊರಗಿನಿಂದ ನೋಡಿದೆ. ಶೇಕ್ಸ್‌ಪಿಯರನ ಮುಂದೆ ಹಾಗೆ ನಡೆದುಹೋಗುವುದು ಸುಲಭವಾಗಿರಲಿಲ್ಲ. ಸದರ್ಕ್ ಕೆಥೀಡ್ರಲ್ಲಿನ ಅಂಗಳದಲ್ಲಿ ಕುಳಿತು, ವಸತಿಯಿಂದ ಕಟ್ಟಿಕೊಂಡು ಬಂದಿದ್ದ ಬ್ರೆಡ್ಡು ತಿಂದು, ಉಳಿದಿದ್ದ ಇನ್ನೊಂದು ಖಾಲಿ ಗಂಟೆಯನ್ನು ಅಲ್ಲಿಯೇ ಕಳೆದೆ. ಕಾಲು ಅಷ್ಟು ಹೊತ್ತಿಗೆ ಮಾತಾಡತೊಡಗಿತ್ತು. ನಲವತ್ತು ದಾಟಿದವರ ಯೋಜನೆಯಲ್ಲಿ ಕಾಲಿಗೂ ಒಂದು ಮತವಿರಬೇಕು.

ಲಂಡನ್ ಬ್ರಿಡ್ಜನ್ನು ದಾಟಿದಾಗ ಮಧ್ಯಾಹ್ನ. ಎಲಿಯಟ್ 1917ರಿಂದ 1925ರವರೆಗೆ ಆ ಭಾಗದ ಲಾಯ್ಡ್ಸ್ ಬ್ಯಾಂಕಿನಲ್ಲಿ ನೌಕರನಾಗಿದ್ದ. ಬೆಳಿಗ್ಗೆ ಒಂಬತ್ತರ ಗಂಟೆಗೆ ಕುರ್ಚಿ ಸೇರಬೇಕಾದವರ ಪೈಕಿ ಅವನೂ ಒಬ್ಬ. ಆದರೆ ನನ್ನದು ಭಾನುವಾರ. ಸೇತುವೆಯ ಮೇಲೆ ಒಬ್ಬ ಗುಮಾಸ್ತನೂ ಇರಲಿಲ್ಲ, ನನ್ನ ಹೊರತು. ಕವಿತೆಯಲ್ಲಿ ಗಂಟೆ ಹೊಡೆಯುವ ಸೇಂಟ್ ಮೇರಿ ವುಲ್‌ನಾತ್ ಚರ್ಚು ಸೇತುವೆಯಾಚೆ ಕೊಂಚ ದೂರದಲ್ಲಿ ಹಾಗೆಯೇ ಇದೆ. ಬಾಗಿಲು ಮುಚ್ಚಿತ್ತು. ಅಲ್ಲಿಗೆ ನನ್ನ ದಿನ ಮುಗಿಯಿತು. ಇನ್ನೂ ಬೆಳಕಿದ್ದರೂ ಬೇರೇನನ್ನೂ ಸೇರಿಸದೆ ವಸತಿಗೆ ಮರಳಿದೆ.

ನನ್ನ ದಾರಿಯನ್ನೇ ಎಲ್ಲರೂ ಹಿಡಿಯಲಿ ಎಂದು ಹೇಳುತ್ತಿಲ್ಲ. ಅದು ಇಂಗ್ಲಿಷ್ ಓದಿದವನ ದಾರಿ. ಅಂಬೇಡ್ಕರರನ್ನು ಓದಿದವರಿಗೆ ಬೇರೆಯ ಎಳೆಯುಂಟು: ಅವರು 1921-22ರಲ್ಲಿ ವಾಸವಾಗಿದ್ದ, ಈಗ ಸ್ಮಾರಕವಾಗಿರುವ ಕಿಂಗ್ ಹೆನ್ರೀಸ್ ರೋಡಿನ 10ನೆಯ ಮನೆ, ಓದಿದ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್, ಬ್ಯಾರಿಸ್ಟರ್ ಆದ ಗ್ರೇಸ್ ಇನ್. ಎಂಜಿನಿಯರಿಗೆ 1858ರ ಬೇಸಗೆಯಲ್ಲಿ ಥೇಮ್ಸ್ ಗಬ್ಬೆದ್ದು ನಾರಿದ ಮೇಲೆ ಬ್ಯಾಜಲ್‌ಗೆಟ್ ಕಟ್ಟಿಸಿದ ಒಳಚರಂಡಿಗಳೂ ನದಿಯ ದಂಡೆಗಳೂ ಇವೆ; ನಾನು ನಡೆದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಅವನದೇ. ಚಿಕ್ಕ ಮಕ್ಕಳಿರುವವರು ಚಕ್ರವನ್ನೇ ಹತ್ತಲಿ. ಮಗುವಿನ ಹಂಬಲವೂ ಹಂಬಲವೇ. ಎಳೆ ಯಾವುದಾದರೂ ಆಗಲಿ, ಅದು ಒಂದಿರಲಿ, ಅದು ನಿಮ್ಮದಾಗಿರಲಿ ಎಂಬುದಷ್ಟೇ ನನ್ನ ಮಾತು. ಹೊರಡುವ ಮುನ್ನ ಎರಡು ಪಟ್ಟಿ ಬರೆಯಿರಿ. ನೋಡುವ ಪಟ್ಟಿ ಒಂದು ಕೈಯ ಬೆರಳುಗಳನ್ನು ಮೀರದಿರಲಿ. ಬಿಡುವ ಪಟ್ಟಿಯನ್ನು ಮಾತ್ರ ಪೂರ್ತಿಯಾಗಿ, ಒಂದೊಂದಕ್ಕೂ ಕಾರಣ ಸಹಿತ ಬರೆಯಿರಿ. ಕಾರಣ ಹೇಳಿ ಬಿಟ್ಟದ್ದು ಆಮೇಲೆ ಕೊರಗಾಗಿ ಕಾಡುವುದಿಲ್ಲ.

ಅಬೆಯ ವಿಷಯದಲ್ಲಿ ಮಾತ್ರ ಈ ಮಾತು ನಿಜವಾಗಿಲ್ಲವೆಂದು ಒಪ್ಪಿಕೊಳ್ಳಬೇಕು. ಅದನ್ನು ನಾನು ಬಿಟ್ಟದ್ದಲ್ಲ, ಅದು ಕೈತಪ್ಪಿದ್ದು. ಎರಡಕ್ಕೂ ವ್ಯತ್ಯಾಸವಿದೆ, ಯಾವ ಯೋಜನೆಯೂ ಅದನ್ನು ಅಳಿಸಲಾರದು.

ಬುಧವಾರ ಕಚೇರಿಗೆ ಮರಳಿದೆ. ನನ್ನ ಮನೆ ಯಮುನೆಯ ಆಚೆ. ದಿನವೂ ಬೆಳಿಗ್ಗೆ ಐಟಿಒ ಸೇತುವೆ ದಾಟಿಯೇ ಕೆಲಸಕ್ಕೆ ಬರಬೇಕು. ಅಂದು ಬಸ್ಸು ಸೇತುವೆಯ ನಡುವೆ ಎಂದಿನಂತೆ ನಿಂತಿತು. ಸುತ್ತ ಸಾವಿರಾರು ಜನ, ಒಂಬತ್ತರ ಹಾಜರಿಗೆ ಹೊರಟವರು, ಟಿಫಿನ್ ಡಬ್ಬಿ ಹಿಡಿದವರು, ಬೈಕಿನ ಮೇಲೆ ಹೆಲ್ಮೆಟ್ಟಿನೊಳಗೆ ಮುಖ ಹುದುಗಿಸಿದವರು. ಲಂಡನ್ನಿನಲ್ಲಿ ಭಾನುವಾರವಾದ್ದರಿಂದ ಸಿಗದೇ ಹೋದ ಆ ಜನಸಮೂಹ ಇಲ್ಲಿತ್ತು. ಹತ್ತೊಂಬತ್ತು ವರ್ಷದಿಂದ ನಾನು ಅದರೊಳಗೇ ಇದ್ದು ದಾಟುತ್ತಿದ್ದ ಸೇತುವೆ. 'ಏನೇನು ನೋಡಿದಿರಿ ಸಾರ್' ಎಂದು ಪಕ್ಕದ ಮೇಜಿನ ಕಿರಿಯ ಸಹೋದ್ಯೋಗಿ ಕೇಳಿದ. ಮೂರು ಸೇತುವೆ ಎಂದೆ. ಅವನು ಮುಂದಿನದಕ್ಕಾಗಿ ಕಾದ. ಅಷ್ಟೇ ಎಂದು ಹೇಳಿ ಕಡತ ಬಿಚ್ಚಿದೆ.